ಜುಮ್ಮಾರು ಇರುವೆಗಳು

ಲೋಕವನ್ನು ಆಗತಾನೇ ಮಾಡಿಟ್ಟಿದ್ದ ಕಾಲ. ಮಣ್ಣು ಇನ್ನೂ ಆರಿರಲಿಲ್ಲ. ಬಂಡೆಯ ಮೇಲೆ ಕಾಲಿಟ್ಟರೂ ಹೆಜ್ಜೆ ಮೂಡುತ್ತಿತ್ತು. ಗಾಳಿ, ಕೆರೆ, ಕಪ್ಪೆ, ಮನುಷ್ಯರು ಎಲ್ಲರೂ ಒಂದೇ ಮಾತಾಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ ಎನ್ನುವುದೇ ಇರಲಿಲ್ಲ.

ಆಗಲೂ ಇರುವೆಗಳಿದ್ದವು. ಆದರೆ ಈಗಿನ ಹಾಗಲ್ಲ. ಒಂದರ ಹಿಂದೆ ಒಂದು, ದಾರಕ್ಕೆ ಪೋಣಿಸಿದ ಹಾಗೆ, ಒಂದೇ ದಿಕ್ಕಿಗೆ ನೆಟ್ಟಗೆ ಹೋಗುತ್ತಿದ್ದವು. ಹೋದ ದಾರಿಯಲ್ಲಿ ತಿರುಗಿ ಬರುತ್ತಿರಲಿಲ್ಲ. ಒಂದಕ್ಕೊಂದು ಎದುರಾಗುವುದಿಲ್ಲ, ನಿಲ್ಲುವುದಿಲ್ಲ, ಮಾತಿಲ್ಲ ಕತೆಯಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ದೊಡ್ಡದೊಂದು ಹಾಸುಬಂಡೆ, ಅದರ ಪಕ್ಕಕ್ಕೆ ಕೆರೆ, ಕೆರೆಯ ಪಕ್ಕಕ್ಕೆ ಒಂದು ಪುಟ್ಟ ಊರು. ಊರಿನ ಕಡೇ ಮನೆ ಈರಜ್ಜಿಯದು. ಆ ಮನೆಯಲ್ಲಿ ಈರಜ್ಜಿ, ಅವಳ ಸೊಸೆ, ಮೊಮ್ಮಗಳು ಸುಗ್ಗಿ. ಸುಗ್ಗಿಯ ಅಪ್ಪ ಕುರಿ ಹೊಡೆದುಕೊಂಡು ದೂರದ ಬೆಟ್ಟಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಅವ್ವನಿಗೆ ದಿನ ತುಂಬಿತ್ತು. ಸುಗ್ಗಿ ದಿನಾ ಸಂಜೆ ಅವ್ವನ ಹೊಟ್ಟೆಗೆ ಕಿವಿಯಿಟ್ಟು, "ಯಾವಾಗ ಬರ್ತೀಯೋ?" ಎಂದು ಕೇಳುತ್ತಿದ್ದಳು. ಒಳಗಿನಿಂದ ಒಂದು ಒದೆ ಬೀಳುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಆ ಊರಿನವರಿಗೆ ಇಪ್ಪತ್ತರವರೆಗೆ ಎಣಿಕೆ ಬರುತ್ತಿತ್ತು. ಕೈಬೆರಳು ಹತ್ತು, ಕಾಲ್ಬೆರಳು ಹತ್ತು, ಅಲ್ಲಿಗೆ ಮುಗಿಯಿತು. ಹೆಚ್ಚು ಬೇಕೆಂದರೆ ಪಕ್ಕದ ಮನೆಯವರನ್ನು ಕರೆದು ಜೊತೆಗೆ ಕೂರಿಸಿಕೊಳ್ಳಬೇಕು. ಸುಗ್ಗಿಗೆ ಅಷ್ಟೆಲ್ಲ ತಾಳ್ಮೆ ಎಲ್ಲಿಂದ ಬರಬೇಕು? ಇಪ್ಪತ್ತು ದಾಟಿದ್ದಕ್ಕೆಲ್ಲ ಅವಳೇ ಒಂದು ಹೆಸರಿಟ್ಟುಕೊಂಡಿದ್ದಳು.

"ಎಷ್ಟು ಕಾರೆಹಣ್ಣು ತಿಂದ್ಯೇ?" ಎಂದು ಅಜ್ಜಿ ಕೇಳಿದರೆ, "ಜುಮ್ಮಾರು!" ಎನ್ನುತ್ತಿದ್ದಳು.

"ಜುಮ್ಮಾರು ಅಂದ್ರೆ ಎಷ್ಟೇ?"

"ಎಣಿಸಿ ಮುಗೀತು ಅನ್ನೋ ಹೊತ್ತಿಗೆ ಇನ್ನೊಂದು ಬರುತ್ತಲ್ಲಜ್ಜಿ, ಅಷ್ಟು."

"ಸುಳ್ಳಿ! ಇಲ್ಲದ ಲೆಕ್ಕ ಹೇಳ್ತಾಳೆ. ನಾಲಿಗೆ ಮೇಲೆ ಬರೆ ಹಾಕ್ತೀನಿ ನೋಡು," ಎಂದು ಅಜ್ಜಿ ಗದರುತ್ತಿದ್ದಳು. ಬರೆ ಹಾಕುವ ಅಜ್ಜಿಯಲ್ಲ, ಬಿಡಿ. ಆದರೂ ಸುಳ್ಳಿ ಎಂದಾಗ ಸುಗ್ಗಿಗೆ ಅಳು ಬರುತ್ತಿತ್ತು. ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು, ಹೇಗೆ ತೋರಿಸುವುದು ಎಂದು ಗೊತ್ತಿರಲಿಲ್ಲ.

ಈರಜ್ಜಿಗೆ ಒಂದು ಅಭ್ಯಾಸ. ಬೆಳಗೆದ್ದು ಹೊಸ್ತಿಲು ಸಾರಿಸಿ, ಒಂದು ಚಿಟಿಕೆ ರಾಗಿಹಿಟ್ಟನ್ನು ಬೆರಳಿನಲ್ಲಿ ಹಿಡಿದು, ಹೊಸ್ತಿಲ ಉದ್ದಕ್ಕೂ ಗೆರೆ ಎಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇರುವೆಗಳು ಬಂದು ಆ ಗೆರೆಯನ್ನು ಖಾಲಿ ಮಾಡಿ ಹೋಗುತ್ತಿದ್ದವು.

"ನಮಗೇ ಹಿಟ್ಟು ಸಾಲಲ್ಲ, ನೆಲಕ್ಕೆ ಯಾಕಜ್ಜಿ ಚೆಲ್ತೀಯ?"

"ನೆಲಕ್ಕಲ್ಲ ಕಣೇ, ಇರುವೆಗೆ. ಈ ಹೊಸ್ತಿಲ ಹಿಟ್ಟು ತಿಂದೋರೆಲ್ಲ ಈ ಮನೆಯೋರೇ. ಮನೆಯೋರನ್ನ ಉಪವಾಸ ಇಡೋಕಾಗುತ್ತಾ?"

ಹೀಗಿರುವಾಗ ಒಂದು ದಿನ ಮಟಮಟ ಮಧ್ಯಾಹ್ನ, ಎಲ್ಲರ ನೆರಳೂ ಅವರವರ ಕಾಲಡಿಗೆ ಹೋಗಿ ಅಡಗಿಕೊಳ್ಳುವ ಹೊತ್ತಿನಲ್ಲಿ, ಗಾಳಿ ಓಡಿಬಂತು. ಸುಗ್ಗಿ ಜಗಲಿಯ ಮೇಲೆ ಕೂತು ಹುಣಸೆಬೀಜ ಆಡುತ್ತಿದ್ದಳು. ಗಾಳಿ ಅವಳ ಲಂಗದ ತುದಿ ಹಿಡಿದುಕೊಂಡು ನಡುಗಿತು.

"ಸುಗ್ಗೀ, ಕೆರೆ ಏರಿ ಮೇಲಿನ ಹುಣಸೆಮರದಲ್ಲಿ ನಂಗೆ ದಾರಿ ಇಲ್ಲ ಕಣೇ. ಎಷ್ಟು ನೂಕಿದ್ರೂ ಒಂದೆಲೆ ಅಲ್ಲಾಡ್ತಿಲ್ಲ."

"ಯಾಕೆ?"

"ಯಾರೋ ಬಂದವ್ನೆ. ಮರದ ಕೆಳಗೆ ನಿಂತು ಬೆಳ್ಳಕ್ಕಿಗಳನ್ನ 'ಎಷ್ಟು?' ಅಂತ ಕೇಳ್ದ. ಅವು ಮೊದಲೇ ಜಂಬದವು. 'ನಾವು ಹದಿನೇಳು' ಅಂದ್ವು. ಅವನು ಒಂದೊಂದಾಗಿ ಹದಿನೇಳು ಬೆರಳು ಮಡಿಸಿದ. 'ಸರಿ' ಅಂದ. ಅಷ್ಟೇ. ನಿಂತೋದ್ವು."

"ಸತ್ತೋದ್ವಾ?"

"ಸತ್ತಿದ್ರೆ ಬೀಳ್ತಿದ್ವು. ಬಿದ್ದಿಲ್ಲ. ಗೂಡಲ್ಲಿ ಮೊಟ್ಟೆ ಒಳಗೆ ಮರಿಗಳು ಟಕ್ ಟಕ್ ಅಂತ ಕುಟ್ತಿದ್ವು, ಅದೂ ನಿಂತೋಯ್ತು. ಹದಿನೇಳು ಅಂದ್ಮೇಲೆ ಮುಗೀತು, ಹದಿನೆಂಟನೇದು ಬರೋಹಾಗಿಲ್ಲ. ನನ್ನನ್ನೂ ಕೇಳ್ದ ಕಣೇ. ನಾನು ನಿಲ್ಲಲಿಲ್ಲ."

ಹೇಳಿ ಗಾಳಿ ಮತ್ತೆ ಓಡಿತು. ಆ ದಿನದಿಂದ ಊರಿನಲ್ಲಿ ಗಾಳಿ ಬೀಸಲಿಲ್ಲ.

ಸುಗ್ಗಿ ಏರಿಗೆ ಹೋಗಿ ನೋಡಿದಳು. ಬೆಳ್ಳಕ್ಕಿಗಳು ಸುಣ್ಣದಲ್ಲಿ ಮಾಡಿಟ್ಟ ಹಾಗೆ ಕೂತಿದ್ದವು. ಒಂದು ಹಕ್ಕಿ ರೆಕ್ಕೆ ಬಿಚ್ಚಿತ್ತು, ಬಿಚ್ಚಿದ ಹಾಗೇ ಇತ್ತು. ಮರದ ಕೆಳಗೆ ಮರದ ನೆರಳು ಮಾತ್ರ ಬಿದ್ದಿತ್ತು, ಹಕ್ಕಿಗಳದ್ದು ಒಂದೂ ಇರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕೆರೆಯ ಕಪ್ಪೆಗಳ ಲೆಕ್ಕವಾಯಿತು. ಇಪ್ಪತ್ತು. ಆ ಸಂಜೆ ಕೆರೆಯಲ್ಲಿ ಒಂದು ಸದ್ದೂ ಇಲ್ಲ. "ನನ್ನ ಮೈಮೇಲೆ ಯಾರೂ ಮಾತಾಡ್ತಿಲ್ಲ, ನಂಗೆ ಹೆದರಿಕೆ," ಎಂದು ಕೆರೆ ಒಂದೇ ಸಮನೆ ದಡಕ್ಕೆ ಹೇಳಿಕೊಳ್ಳುತ್ತಿತ್ತು.

ಮೂರನೆಯ ದಿನ ಅವನು ಊರೊಳಗೆ ಬಂದ.

ಅವನ ಕಾಲ ಕೆಳಗೆ ಧೂಳೇಳುತ್ತಿರಲಿಲ್ಲ. ಮುಖ ನೋಡಿದವರಿಗೆ, ಕಣ್ಣು ಬೇರೆ ಕಡೆ ತಿರುಗಿಸಿದ ಕೂಡಲೇ ಅದು ಮರೆತುಹೋಗುತ್ತಿತ್ತು. ನೆನಪಿನಲ್ಲಿ ಉಳಿಯುತ್ತಿದ್ದದ್ದು ಕೈಗಳು ಮಾತ್ರ. ಅವುಗಳಲ್ಲಿ ಬೆರಳೆಷ್ಟು ಎಂದು ನೋಡಲು ಹೋದವರಿಗೆ ಕಣ್ಣು ಕತ್ತಲಿಟ್ಟಿತು. ಅವನು ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೆ ನಿಂತು, ಮೆಲ್ಲಗೆ, ಮರ್ಯಾದೆಯಾಗಿ, "ಎಷ್ಟು?" ಎಂದು ಕೇಳುತ್ತಿದ್ದ. ಊರಿನವರು ಅವನಿಗೆ ಎಷ್ಟಯ್ಯ ಎಂದು ಹೆಸರಿಟ್ಟರು. ಮೊದಲ ದಿನ ಆ ಹೆಸರು ಕೇಳಿ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಆ ಊರಿನಲ್ಲಿ ಒಂದು ರೀತಿ ಇತ್ತು. ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಆಮೇಲೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಊರ ಹಿರಿಯ ಕರಿಯಜ್ಜ ಆ ರೀತಿಯನ್ನು ಒಂದು ದಿನವೂ ತಪ್ಪಿದವನಲ್ಲ. ಬೆಳ್ಳಕ್ಕಿಗಳ ಸುದ್ದಿ ಗೊತ್ತಿದ್ದೂ ಅವನು ಚೊಂಬು ತಂದಿಟ್ಟ.

"ನಮ್ಮನೇಲಿ ನಾವು ಏಳು ಜನ ಕಣಪ್ಪ. ದೇವ್ರು ಚೆನ್ನಾಗಿಟ್ಟವ್ನೆ," ಎಂದ.

ಎಷ್ಟಯ್ಯ ಏಳು ಬೆರಳು ಮಡಿಸಿದ. "ಸರಿ," ಎಂದ.

ಚೊಂಬು ಅಲ್ಲೇ ಇತ್ತು. ಬಗ್ಗಿದ ಕರಿಯಜ್ಜ ಬಗ್ಗಿದ ಹಾಗೇ ಇದ್ದ. ಒಳಗೆ ಅವನ ಸೊಸೆ ರಾಗಿಕಲ್ಲಿನ ಗೂಟ ಹಿಡಿದ ಹಾಗೇ ಕೂತಿದ್ದಳು. ಮೇಲಕ್ಕೆ ಹೋದ ತೊಟ್ಟಿಲು ಕೆಳಗೆ ಬರಲಿಲ್ಲ.

ಆಮೇಲೆ ಊರಿನವರಿಗೆ ಬುದ್ಧಿ ಬಂತು. ಬಾಗಿಲು ಹಾಕಿಕೊಂಡರು. ಅವನು ಬೇಸರಿಸಲಿಲ್ಲ, ಬಾಗಿಲ ಮುಂದೆ ನಿಂತ. ಅವನು ನಿಂತಿರುವ ಹೊಸ್ತಿಲನ್ನು ಯಾರಿಂದಲೂ ದಾಟಲಾಗುತ್ತಿರಲಿಲ್ಲ, ಕಾಲೇ ಏಳುತ್ತಿರಲಿಲ್ಲ. ಮೂರು ದಿನವಾದರೂ ನಿಂತಿರುತ್ತಿದ್ದ. ಒಳಗೆ ನೀರು ಮುಗಿದು ಮಕ್ಕಳು ನಾಲಿಗೆ ಚಾಚಿದಾಗ, ಯಾರಾದರೊಬ್ಬರು ಅಳುತ್ತಾ ಲೆಕ್ಕ ಒಪ್ಪಿಸುತ್ತಿದ್ದರು.

ಸುಗ್ಗಿಯ ಗೆಳತಿ ಚೌಡಿ. ಚೌಡಿಯ ಅಪ್ಪ ಜಾಣ. ಮಗಳನ್ನು ಹಗೇವಿನೊಳಗೆ, ಅಂದರೆ ರಾಗಿ ತುಂಬಿಡುವ ನೆಲದ ಗುಂಡಿಯೊಳಗೆ, ಇಳಿಸಿ ಮೇಲೆ ಕಲ್ಲು ಮುಚ್ಚಿದ. ಬಾಗಿಲಿಗೆ ಬಂದು, "ನಾವು ಐದು," ಎಂದ.

ಎಷ್ಟಯ್ಯ ಐದು ಬೆರಳು ಮಡಿಸಿದ. ಆದರೆ ಸರಿ ಎನ್ನಲಿಲ್ಲ. ಸುಮ್ಮನೆ ನಿಂತ. ಸುಳ್ಳಾದರೆ ಅವನಿಗೆ ಗೊತ್ತಾಗುತ್ತಿತ್ತು. ಕಾಯುವುದು ಅವನಿಗೆ ಕಷ್ಟವೇ ಅಲ್ಲ. ಎಷ್ಟೋ ಹೊತ್ತಿನ ಮೇಲೆ ನೆಲದೊಳಗಿನಿಂದ ಒಂದು ಸೀನು ಕೇಳಿಸಿತು. ರಾಗಿಯ ಧೂಳು, ಪಾಪ, ಎಷ್ಟು ಹೊತ್ತು ತಡೆದುಕೊಂಡಾಳು? ಅಪ್ಪ ಹಣೆ ಚಚ್ಚಿಕೊಂಡು ಹಗೇವಿನ ಕಲ್ಲು ಸರಿಸಿದ. "ಆರು," ಎಂದ.

"ಸರಿ."

ಸುಗ್ಗಿ ಚೌಡಿ ಮನೆಯ ಹಿತ್ತಿಲ ಕಿಂಡಿಯಿಂದ ಅದನ್ನು ನೋಡಿದಳು. ಚೌಡಿ ಅರ್ಧ ಮೈ ಹಗೇವಿನಿಂದ ಹೊರಗೆ ಹಾಕಿ ಕೈ ಚಾಚಿದ್ದಳು. ತಲೆಗೂದಲ ತುಂಬ ರಾಗಿ. ಕೆನ್ನೆಯ ನಡುವೆ ಒಂದು ಹನಿ ಕಣ್ಣೀರು. ಅದು ಕೆಳಗಿಳಿಯಲೂ ಇಲ್ಲ, ಆರಲೂ ಇಲ್ಲ. ಸುಗ್ಗಿಗೆ ಅವತ್ತು ಊಟ ಸೇರಲಿಲ್ಲ. ಚೌಡಿಯ ಚಾಚಿದ ಕೈ ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ಮನೆಯಾದ ಮೇಲೆ ಮನೆ. ಊರಿನಲ್ಲಿ ಒಲೆಯ ಹೊಗೆ ಕಡಿಮೆಯಾಗುತ್ತಾ ಬಂತು. ಕೊನೆಗೆ ಒಂದೇ ಮನೆಯಲ್ಲಿ ಹೊಗೆ ಉಳಿಯಿತು, ಕಡೇ ಮನೆ.

ಅವನು ಈರಜ್ಜಿಯ ಬಾಗಿಲಿಗೆ ಬಂದ ದಿನವೇ ಸುಗ್ಗಿಯ ಅವ್ವನಿಗೆ ಹೆರಿಗೆ ನೋವು ಶುರುವಾಯಿತು.

ಅಜ್ಜಿ ಬಾಗಿಲು ಹಾಕಿ, ಅಗುಳಿ ಜಡಿದು, ಸೊಸೆಯ ಪಕ್ಕದಲ್ಲಿ ಕೂತಳು. ಬೆಳಗಾಯಿತು. ಗಡಿಗೆಯಲ್ಲಿ ನೀರು ತಳ ಮುಟ್ಟಿತು. ಅವ್ವನ ತುಟಿ ಒಡೆದು ರಕ್ತ ಬಂತು. ಬಾಗಿಲ ಆಚೆಯಿಂದ ಆಗಾಗ, ಯಾರೋ ನೆಂಟರು ವಿಚಾರಿಸಿಕೊಳ್ಳುವ ಹಾಗೆ, ಅದೇ ಮೆಲುದನಿ ಕೇಳಿಸುತ್ತಿತ್ತು. "ಎಷ್ಟು?"

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಗಟ್ಟಿ ಮುಖವೂ ಕರಗಿತು. "ನೀರಿಲ್ದೆ ಆಗಲ್ಲ ಕಣೇ ಸುಗ್ಗಿ," ಎಂದಳು. "ನಾನು ಇವಳ ಕೈ ಬಿಡೋಹಾಗಿಲ್ಲ. ನೀನೇ ಏನಾದ್ರೂ ಹೇಳಿ ಅವನನ್ನ ಕಳಿಸಮ್ಮ. ಆದ್ರೆ ಸುಳ್ಳು ಹೇಳ್ಬೇಡ. ಚೌಡಿ ಮನೇಲಿ ಏನಾಯ್ತು ಗೊತ್ತಲ್ಲ?"

ಸುಗ್ಗಿ ಗಡಿಗೆ ಕಂಕುಳಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಹೋದಳು. ಮೂರು ಎಂದರೆ ಏನಾಗುತ್ತದೆ? ಬೆಳ್ಳಕ್ಕಿಯ ಮೊಟ್ಟೆಗಳ ಹಾಗೆ, ಹೊಟ್ಟೆಯೊಳಗಿನ ಒದೆ ನಿಂತುಹೋಗುತ್ತದೆ. ನಾಲ್ಕು ಎಂದರೆ? ಇನ್ನೂ ಕಣ್ಣು ಬಿಡದ ಆ ಕೂಸಿಗೂ ಸೇರಿಸಿ ಒಂದು ಬೆರಳು ಮಡಿಸುತ್ತಾನೆ. ಊರಲ್ಲಿಲ್ಲದ ಅಪ್ಪನನ್ನು ಸೇರಿಸಬೇಕೋ ಬೇಡವೋ? ಯಾವ ಲೆಕ್ಕ ಹೇಳಿದರೂ ಕೂಸು ಉಳಿಯುವುದಿಲ್ಲ. ಅವಳಿಗೆ ಗೊತ್ತಿದ್ದ ಇಪ್ಪತ್ತು ಲೆಕ್ಕಗಳಲ್ಲಿ ಒಂದೂ ಕೆಲಸಕ್ಕೆ ಬರುವ ಹಾಗಿರಲಿಲ್ಲ.

ಅಗುಳಿ ತೆಗೆದಳು. ಬಿಸಿಲು ಕಣ್ಣಿಗೆ ಬಡಿಯಿತು. ಬಿಸಿಲಿನ ನಡುವೆ ಅವನು.

"ಎಷ್ಟು?"

ಸುಗ್ಗಿಯ ಬಾಯಿಂದ ಅದು ತಾನಾಗೇ ಬಂತು. "ಜುಮ್ಮಾರು."

ಎಷ್ಟಯ್ಯ ತಲೆ ಒಂದು ಕಡೆಗೆ ವಾಲಿಸಿದ. ಲೋಕವೆಲ್ಲ ಸುತ್ತಿ ಬಂದವನು, ಈ ಲೆಕ್ಕವನ್ನು ಕೇಳಿರಲಿಲ್ಲ. ಮೊದಲ ಸಲ ಅವನ ಬಾಯಿಂದ ಬೇರೊಂದು ಮಾತು ಬಂತು.

"ತೋರಿಸು."

"ಅಜ್ಜಿ," ಎಂದಳು ಸುಗ್ಗಿ. ಅವನು ಒಂದು ಬೆರಳು ಮಡಿಸಿದ. "ಅವ್ವ." ಇನ್ನೊಂದು. "ನಾನು." ಮೂರನೆಯ ಬೆರಳು ಮಡಿಸಿದ್ದೇ ತಡ, ಅವಳ ಪಾದಗಳು ತಣ್ಣಗಾದವು. ಕೆಳಗೆ ನೋಡಿದಳು. ಕಾಲಡಿಯಲ್ಲಿ ಅಡಗಿದ್ದ ಅವಳ ನೆರಳು ಮೆಲ್ಲಗೆ ಹೊರಗೆ ಬಂದು ಅವನ ಕಡೆಗೆ ಹರಿಯುತ್ತಿತ್ತು. "ಅಪ್ಪ ಬೆಟ್ಟದಲ್ಲವ್ನೆ, ಬರ್ತಾನೆ," ಎಂದಳು. ನಾಲ್ಕು.

ಅವನು ಕಾದ. ಅವಳಿಗೆ ಮುಂದೆ ಹೇಳಲು ಯಾರೂ ಇರಲಿಲ್ಲ. ಅವನ ತುಟಿ ಬಿಚ್ಚಿಕೊಂಡಿತು. 'ಸರಿ' ಎನ್ನುವ ಮಾತು ಇನ್ನೇನು ಹೊರಗೆ ಬರಬೇಕು.

ಆಗ ಅವಳ ಕಾಲ ಬಳಿ ಹೊಸ್ತಿಲ ಮೇಲೆ ಒಂದು ಕಪ್ಪು ಚುಕ್ಕೆ ಕದಲಿತು. ಅಜ್ಜಿ ಎಂಥ ಕಷ್ಟದಲ್ಲೂ ಅವತ್ತಿನ ಹಿಟ್ಟಿನ ಗೆರೆ ತಪ್ಪಿಸಿರಲಿಲ್ಲ, ಬಾಗಿಲ ಒಳಗಡೆಯಿಂದಲೇ ಎಳೆದಿದ್ದಳು. ಇರುವೆಯೊಂದು ಆ ಗೆರೆಗೆ ಬಂದಿತ್ತು.

"ಇದು!" ಎಂದು ಸುಗ್ಗಿ ಕೂಗಿದಳು. "ಇದೂ ನಮ್ಮನೇದೇ. ಈ ಹೊಸ್ತಿಲ ಹಿಟ್ಟು ತಿಂದೋರೆಲ್ಲ ಈ ಮನೆಯೋರೇ. ಬೇಕಾದ್ರೆ ನಮ್ಮಜ್ಜಿನ ಕೇಳು!"

ಅವನು ಬಗ್ಗಿ ಇರುವೆಯನ್ನು ನೋಡಿದ. ಸುಳ್ಳಾಗಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಸುಳ್ಳಲ್ಲ. ಐದನೆಯ ಬೆರಳು ಮಡಿಸಿದ.

ಅದರ ಹಿಂದೆ ಇನ್ನೊಂದು ಬಂತು. ಆರು. ಅದರ ಹಿಂದೆ ಇನ್ನೊಂದು. ಗೋಡೆಯ ಬಿರುಕಿನಿಂದ ಇರುವೆಗಳು ಬರುತ್ತಲೇ ಇದ್ದವು. ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಬೆರಳುಗಳನ್ನು ಮಡಿಸುವ ಸದ್ದು, ಒಣಗಿದ ಕಡ್ಡಿ ಮುರಿದ ಹಾಗೆ, ಒಂದೇ ಸಮನೆ ಕೇಳುತ್ತಿತ್ತು. ಹೊತ್ತು ಮುಂದೆ ಹೋಗಲಿಲ್ಲ. ಸೂರ್ಯ ನೆತ್ತಿಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿದ್ದ.

ಆದರೆ ಆಗಿನ ಇರುವೆಗಳು ಎಂಥವು ಎಂದು ಹೇಳಿದೆನಲ್ಲ? ಒಂದರ ಹಿಂದೆ ಒಂದು, ಒಂದೇ ದಿಕ್ಕಿಗೆ, ನೆಟ್ಟಗೆ. ಎಣಿಸುವವನಿಗೆ ಅದಕ್ಕಿಂತ ಸುಲಭ ಇನ್ನೇನಿದೆ? ಅವನು ಬೆರಳು ಮಡಿಸಿದ ಇರುವೆ ಹಿಟ್ಟಿನ ಗೆರೆಯ ಮೇಲೆ ಎಳ್ಳುಕಾಳಿನ ಹಾಗೆ ನಿಂತುಬಿಡುತ್ತಿತ್ತು. ಗೆರೆ ಕಪ್ಪಾಗುತ್ತಾ ಬಂತು. ಸುಗ್ಗಿಯ ಕಾಲಿನ ತಣುಪು ಮೊಣಕಾಲಿಗೇರಿತು, ಮೊಣಕಾಲಿನಿಂದ ಸೊಂಟಕ್ಕೇರಿತು. ಒಳಗೆ ಅವ್ವ ನರಳುವ ಸದ್ದು ಸಣ್ಣಗಾಗುತ್ತಾ ಬಂತು. ನರಳುವುದು ನಿಂತರೆ ಏನೆಂದು ಸುಗ್ಗಿಗೆ ಗೊತ್ತಿತ್ತು.

ಬಿರುಕಿನಿಂದ ಕೊನೆಯ ಇರುವೆ ಹೊರಗೆ ಬಂತು. ಕುಂಟುತ್ತಾ ಬರುತ್ತಿತ್ತು. ಅದರ ಹಿಂದೆ ಯಾರೂ ಇರಲಿಲ್ಲ.

ಸುಗ್ಗಿಗೆ ಕಾಲು ಆಡುತ್ತಿರಲಿಲ್ಲ. ಗಡಿಗೆ ಬಿಟ್ಟು ಬೋರಲು ಬಿದ್ದಳು. ಬಾಯನ್ನು ನೆಲಕ್ಕೆ ತಾಗಿಸಿ ಆ ಕುಂಟ ಇರುವೆಗೆ ಪಿಸುಗುಟ್ಟಿದಳು.

"ನಿಲ್ಲಬೇಡ. ಮುಂದಿರೋಳ ಎದುರಿಗೆ ಹೋಗು. ಇನ್ನೊಂದು ಬರುತ್ತೆ ಅಂತ ಹೇಳು. ಅವಳ ಮುಂದಿನೋಳಿಗೂ ಹೇಳೋಕೆ ಹೇಳು. ಜುಮ್ಮಾರು ಅಂತ ಹೇಳು!"

ಇರುವೆ ಸಾಲು ಬಿಟ್ಟಿತು. ಲೋಕ ಹುಟ್ಟಿದ ಮೇಲೆ ಸಾಲು ಬಿಟ್ಟ ಮೊದಲ ಇರುವೆ ಅದು. ಕುಂಟುತ್ತಾ ಮುಂದಿನ ಇರುವೆಯ ಎದುರಿಗೆ ಹೋಗಿ, ಮುಖಕ್ಕೆ ಮುಖ ತಾಗಿಸಿ ಹೇಳಿತು. "ಇನ್ನೊಂದು ಬರುತ್ತೆ." ಎಳ್ಳುಕಾಳಿನ ಹಾಗೆ ನಿಂತಿದ್ದ ಅದು ಕದಲಿತು. ಹೌದೇ, ಯಾರು ಬರುತ್ತಾರೆ ಎಂದು ತಿರುಗಿ ನೋಡಿತು. ತನ್ನ ಮುಂದಿನದಕ್ಕೆ ಹೇಳಿತು. ಅದು ಇನ್ನೊಂದಕ್ಕೆ ಹೇಳಿತು. ಗೆರೆಯ ತುದಿಯವರೆಗೂ ಮಾತು ಹೋಯಿತು. ಮುಂದಿದ್ದವು ಹಿಂದಕ್ಕೆ ಬಂದವು, ಹಿಂದಿದ್ದವು ಮುಂದಕ್ಕೆ ಹೋದವು, ಎದುರಾದಾಗಲೆಲ್ಲ ನಿಂತು ಹೇಳಿದವು.

ಎಷ್ಟಯ್ಯನ ಬೆರಳು ತಡೆಯಿತು. ಇದು ಎಣಿಸಿದ್ದೋ, ಎಣಿಸದ್ದೋ? ಒಂದು ಬೆರಳು ಬಿಚ್ಚಿದ. ಮತ್ತೆ ಮಡಿಸಿದ. ಎರಡು ಬಿಚ್ಚಿದ. ಇರುವೆಗಳು ಅವನ ಕಣ್ಣ ಕೆಳಗೇ ಅತ್ತಿಂದಿತ್ತ ಹೋಗುತ್ತಿದ್ದವು.

ಅಷ್ಟರಲ್ಲಿ ಒಳಗಿನಿಂದ ಒಂದು ಅಳು ಕೇಳಿಸಿತು. ಎಳೆಯದು, ಹೊಚ್ಚಹೊಸದು, ಸಿಟ್ಟಿನದು.

ಸುಗ್ಗಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. "ಕೇಳಿಸ್ತಾ?" ಎಂದಳು ಅವನಿಗೆ. "ಇನ್ನೊಂದು ಬಂತು. ಜುಮ್ಮಾರು ಅಂದೆನಲ್ಲ!"

ಎಷ್ಟಯ್ಯನ ಎರಡು ಕೈಗಳೂ ಬಿಚ್ಚಿಕೊಂಡವು.

ಓಡಿಹೋಗಿದ್ದ ಗಾಳಿ ಊರಿಗೆ ತಿರುಗಿ ಬಂತು. ಕೆರೆ ಏರಿಯಿಂದ ಬೆಳ್ಳಕ್ಕಿಗಳು ದಡಬಡನೆ ಎದ್ದವು. ಕಪ್ಪೆಗಳು ಅರ್ಧಕ್ಕೆ ಬಿಟ್ಟಿದ್ದ ವಟಗುಟ್ಟುವಿಕೆಯನ್ನು ಅಲ್ಲಿಂದಲೇ ಮುಂದುವರಿಸಿದವು. ಕರಿಯಜ್ಜನ ಮನೆಯ ತೊಟ್ಟಿಲು ಕೆಳಗೆ ಬಂತು. ಚೌಡಿಯ ಕೆನ್ನೆಯ ಮೇಲಿನ ಹನಿ ಕೊನೆಗೂ ಇಳಿದು ನೆಲಕ್ಕೆ ಬಿತ್ತು, ಅವಳು ಇನ್ನೊಂದು ಸಲ ಸೀನಿದಳು. ಹದಿನೇಳು ಬೆಳ್ಳಕ್ಕಿಗಳೂ ಎದ್ದವೋ, ಊರಿನವರೆಲ್ಲ ತಿರುಗಿ ಬಂದರೋ, ನನ್ನನ್ನು ಕೇಳಬೇಡಿ. ಅವತ್ತು ಎಣಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಸುಗ್ಗಿ ಗಡಿಗೆ ಎತ್ತಿಕೊಂಡು, ಕೂತಿದ್ದವನ ಪಕ್ಕದಿಂದಲೇ ಹಾರಿ, ಕೆರೆಗೆ ಓಡಿದಳು. ಅವಳ ನೆರಳು ಅವಳ ಹಿಂದೆಯೇ ಓಡಿತು. ಅವನು ತಲೆಯೆತ್ತಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದ್ದ.

ನೀರು ಕುಡಿದ ಅವ್ವ ಕಣ್ಣು ಬಿಟ್ಟಳು. ಅಜ್ಜಿ ಕೂಸನ್ನು ಮೊರದ ಮೇಲೆ ಮಲಗಿಸಿದಳು. ಹುಟ್ಟಿದ ಕೂಸಿನ ಬೆರಳು ನೋಡುವುದು ಅಜ್ಜಿಯರ ಅಭ್ಯಾಸ. ಈರಜ್ಜಿ ಕೂಸಿನ ಪುಟ್ಟ ಮುಷ್ಟಿ ಬಿಡಿಸಲು ಹೋದವಳು ಹಾಗೇ ತಡೆದು, ಅದನ್ನು ತನ್ನ ಕೈಯೊಳಗೆ ಮುಚ್ಚಿಟ್ಟುಕೊಂಡಳು.

ತಿಂಗಳಾದ ಮೇಲೆ ಅಪ್ಪ ಕುರಿಗಳ ಜೊತೆ ಬಂದ. ಬಂದವನೇ ಕಂಬಳಿ ಇಳಿಸಿ, "ಏನವ್ವಾ, ಈಗ ಮನೇಲಿ ಎಷ್ಟು ಜನ ಆದ್ವಿ?" ಎಂದು ನಗುತ್ತಾ ಕೇಳಿದ.

ಅಜ್ಜಿ ಬೇಗ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಹೊಸ್ತಿಲ ಕಡೆ ಒಂದು ಸಲ ನೋಡಿದಳು. ಆಮೇಲೆ ಸುಗ್ಗಿಯ ಕಡೆ ನೋಡಿದಳು.

"ಜುಮ್ಮಾರು ಕಣಪ್ಪ," ಎಂದಳು. ಆ ದಿನದಿಂದ ಅಜ್ಜಿ ಸುಗ್ಗಿಯನ್ನು ಸುಳ್ಳಿ ಎನ್ನಲಿಲ್ಲ.

ಎಷ್ಟಯ್ಯ ಎದ್ದು ಹೋಗಲಿಲ್ಲ. ಎಣಿಸಿ ಮುಗಿಸದೆ ಏಳುವುದು ಅವನಿಗೆ ಗೊತ್ತಿಲ್ಲ. ಬಿಸಿಲಿಗೆ ಸವೆದು ಸವೆದು ಅವನು ತೆಳ್ಳಗಾದ, ಕೊನೆಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಾದ. ಆದರೂ ಮಟಮಟ ಮಧ್ಯಾಹ್ನ ಗಾಳಿ ಗಕ್ಕನೆ ನಿಂತಾಗ, ಹೊಸ್ತಿಲ ಹತ್ತಿರ ಬಿಸಿಲು ಸುಮ್ಮನೆ ನಡುಗುವುದನ್ನು ನೀವು ನೋಡಿರಬಹುದು. ಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದನ್ನೂ ಕೇಳಿರಬಹುದು. ಆ ಹೊತ್ತಿನಲ್ಲಿ ಇರುವೆ ಸಾಲಿಗೆ ಕಡ್ಡಿ ಅಡ್ಡ ಹಿಡಿದು ಆಡಬೇಡಿ.

ಅವತ್ತು ಕುಂಟ ಇರುವೆ ಹೇಳಿದ ಮಾತನ್ನು ಅವು ಇನ್ನೂ ಒಂದಕ್ಕೊಂದು ಹೇಳುತ್ತಲೇ ಇವೆ. ಅದಕ್ಕೇ ಇವತ್ತಿಗೂ ಇರುವೆ ಸಾಲಿನಲ್ಲಿ ಹೋಗುವ ಇರುವೆ, ಬರುವ ಇರುವೆ, ಎದುರಾದಾಗಲೆಲ್ಲ ಒಂದು ಗಳಿಗೆ ನಿಂತು, ಮುಖಕ್ಕೆ ಮುಖ ತಾಗಿಸಿ, ಆಮೇಲೆಯೇ ಮುಂದೆ ಹೋಗುತ್ತವೆ. ಹೇಳುವುದನ್ನು ಒಂದೇ ಒಂದು ಇರುವೆಯೂ ಈವರೆಗೆ ಮರೆತಿಲ್ಲ.